ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಹಾಲು

ಏಳಕ್ಕೆ ಏಳೂ ನಾಯಿಮರಿಗಳು ಉಳಿದವು. ಇದನ್ನು ಬರೆಯುವಾಗ ಈಗಲೂ ಖುಷಿಯಾಗುತ್ತದೆ. ತಾಯಿಗೆ ಆಪರೇಷನ್ ಮಾಡಿ ಮರಿ ತೆಗೆದದ್ದು. ಎರಡನೇ ದಿನವೇ ಅದಕ್ಕೆ ಜ್ವರ ಬಂತು, ಮೊಲೆಗಳು ಕೆಂಪಾಗಿ ಕಲ್ಲಿನಂತೆ ಗಟ್ಟಿಯಾದವು. ಔಷಧಿ ಶುರುವಾಯಿತು, ಮರಿಗಳ ಪೂರ್ತಿ ಜವಾಬ್ದಾರಿ ನನ್ನ ಮೇಲೆ ಬಿತ್ತು. ಪುಣ್ಯಕ್ಕೆ ಮೊದಲ ಅರ್ಧ ದಿನ ಏಳೂ ಗಿಣ್ಣುಹಾಲು ಕುಡಿದಿದ್ದವು. "ಎರಡೋ ಮೂರೋ ಉಳಿದರೆ ಹೆಚ್ಚು, ಸುಮ್ನೆ ನಿದ್ದೆ ಕೆಡಿಸ್ಕೋಬೇಡಿ" ಅಂತ ನಾಯಿ ಸಾಕಿ ಪಳಗಿದವರೇ ಹೇಳಿದರು.

ಅವರು ಹಾಗೆ ಹೇಳಿದ್ದಕ್ಕೆ ಕಾರಣ ಇತ್ತು. ಹಿಂದೆ ಎರಡು ಸಲ ನನ್ನ ಕೈಯಲ್ಲೇ ಮರಿಗಳು ಹೋಗಿದ್ದವು. ಮೊದಲ ಸಲ ಆರರಲ್ಲಿ ನಾಲ್ಕು, ಎರಡನೇ ಸಲ ಐದರಲ್ಲಿ ಎರಡು. ಮೊದಲ ಸಲ ಹಸುವಿನ ಹಾಲು ಕೊಟ್ಟೆ. ಭೇದಿ ನಿಲ್ಲಲೇ ಇಲ್ಲ. ನಾಯಿ ಹಾಲಿನಲ್ಲಿರುವ ಕೊಬ್ಬು, ಪ್ರೋಟೀನ್ ಎರಡೂ ಹಸುವಿನ ಹಾಲಿನ ಎರಡರಷ್ಟು. ಮರಿ ಹೊಟ್ಟೆ ತುಂಬ ಕುಡಿದರೂ ಸೊರಗುತ್ತಲೇ ಹೋಗುತ್ತದೆ. ಒಂದು ಮರಿಯನ್ನು ಮಗುವಿನ ಹಾಗೆ ಅಂಗಾತ ಮಲಗಿಸಿ ಸಿರಿಂಜ್‌ನಲ್ಲಿ ಕುಡಿಸಿದೆ. ಹಾಲು ಶ್ವಾಸಕೋಶಕ್ಕೆ ಹೋಯಿತು. ಮರುದಿನ ಅದರ ಎದೆಯಲ್ಲಿ ಗುರ್ ಗುರ್ ಸದ್ದು, ಸಂಜೆ ಜೀವ ಹೋಯಿತು.

ಎರಡನೇ ಸಲ ನಾಯಿಮರಿಗಳಿಗೆಂದೇ ಮಾಡಿದ ಪುಡಿ ಹಾಲು ತಂದೆ, ಹೊಟ್ಟೆ ಕೆಳಗೆ ಮಾಡಿ ಮಲಗಿಸಿಯೇ ಕುಡಿಸಿದೆ. ಆದರೂ ಎರಡು ಹೋದವು. ಎರಡಕ್ಕೂ ಹೊಟ್ಟೆ ಉಬ್ಬಿತ್ತು. ಕುಡಿದ ಹಾಲು ಹಾಗೇ ಒಳಗೆ ನಿಂತಿತ್ತು. ತಪ್ಪು ಎಲ್ಲಾಗಿದೆ ಅಂತ ಗೊತ್ತಾಗಲು ಬಹಳ ದಿನ ಬೇಕಾಯಿತು. ಮೈ ತಣ್ಣಗಿದ್ದ ಮರಿಗಳಿಗೆ ನಾನು ಹಾಲು ಕೊಟ್ಟಿದ್ದೆ. ಮೈ ತಣ್ಣಗಾದರೆ ಕರುಳು ಕೆಲಸ ನಿಲ್ಲಿಸುತ್ತದೆ, ಹಾಲು ಜೀರ್ಣ ಆಗುವುದೇ ಇಲ್ಲ.

ಹಾಗಾಗಿ ಈ ಸಲ ಒಂದೇ ಹಟ. ಮೈ ಬಿಸಿ ನೋಡದೆ ಒಂದು ಹನಿ ಹಾಲೂ ಕೊಡುವುದಿಲ್ಲ. ಮೊದಲ ವಾರ ಮರಿಯ ಮೈ ಬಿಸಿ 35ರಿಂದ 37 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬಾಟಲಿ ಪಕ್ಕಕ್ಕಿಟ್ಟು ಮೈ ಬಿಸಿ ಮಾಡುವ ಕೆಲಸ.

ದುಡ್ಡಿನ ವಿಷಯ ಹೇಳಲೇಬೇಕು. ಹಿಂದೆ ಅರ್ಧ ತಿಂಗಳ ಸಂಬಳ ಸುರಿದು ಹಳೆಯ ಇನ್‌ಕ್ಯುಬೇಟರ್ ಒಂದನ್ನು ತಂದಿದ್ದೆ. ಅದರ ಮೀಟರ್ 31 ತೋರಿಸುತ್ತಿದ್ದರೆ ಮರಿ ಮಲಗುವ ನೆಲದಲ್ಲಿ 36 ಇರುತ್ತಿತ್ತು. ಅಷ್ಟೂ ದುಡ್ಡು ನೀರಿಗೆ ಹಾಕಿದ ಹಾಗಾಯಿತು. ಈ ಸಲ ದಪ್ಪ ರಟ್ಟಿನ ಡಬ್ಬ, ಒಂದು ಹೀಟಿಂಗ್ ಪ್ಯಾಡ್, ಎರಡು ಥರ್ಮಾಮೀಟರ್, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಒಟ್ಟು ಖರ್ಚು ಹಿಂದಿನದರ ಮೂರನೇ ಒಂದು ಪಾಲೂ ಇಲ್ಲ, ಅದರಲ್ಲೂ ಮುಕ್ಕಾಲು ಭಾಗ ಹಾಲಿನ ಪುಡಿಗೇ ಹೋಯಿತು. ಪುಡಿಯಲ್ಲಿ ಮಾತ್ರ ಕಂಜೂಸಿ ಮಾಡಬೇಡಿ.

ಪ್ಯಾಡ್ ಡಬ್ಬದ ಅರ್ಧ ಭಾಗಕ್ಕೆ ಮಾತ್ರ. ಮೇಲೆ ಎರಡು ಮಡಿಕೆ ದಪ್ಪ ಬಟ್ಟೆ. ಸೆಕೆಯಾದರೆ ಮರಿ ತಾನೇ ತೆವಳಿ ಆಚೆ ಹೋಗಲು ಜಾಗ ಬೇಕು, ಅಲ್ವಾ? ಥರ್ಮಾಮೀಟರ್ ಗೋಡೆಗಲ್ಲ, ಮರಿ ಮಲಗುವ ಎತ್ತರಕ್ಕೆ. ಮೊದಲ ವಾರ ಬಿಸಿ ಕಡೆ 30–32 ಡಿಗ್ರಿ ಇಟ್ಟೆ, ಆಮೇಲೆ ಸ್ವಲ್ಪ ಸ್ವಲ್ಪ ಇಳಿಸಿ ನಾಲ್ಕನೇ ವಾರಕ್ಕೆ 24ರ ಹತ್ತಿರ ತಂದೆ. ಒಂದರ ಮೇಲೊಂದು ಗುಡ್ಡೆ ಹಾಕಿಕೊಂಡು ಕುಂಯ್‌ಗುಟ್ಟಿದರೆ ಚಳಿ. ಮೂಲೆ ಮೂಲೆಗೆ ಹರಡಿ ಬಾಯಿ ತೆರೆದು ಉಸಿರಾಡಿದರೆ ಸೆಕೆ. ಪಕ್ಕಪಕ್ಕ ಮಲಗಿ ನಿದ್ದೆಯಲ್ಲಿ ಕಾಲು ಜಗ್ಗುತ್ತಿದ್ದರೆ ನೀವೂ ಸ್ವಲ್ಪ ಮಲಗಬಹುದು.

ಗುರುತಿಗೆ ಮೊದಲು ಬಣ್ಣದ ಉಲ್ಲನ್ ದಾರ ಕಟ್ಟಿದೆ. ಎರಡನೇ ದಿನ ಒಂದರ ಮುಂಗಾಲು ದಾರದಲ್ಲಿ ಸಿಕ್ಕಿಹಾಕಿಕೊಂಡಿತ್ತು. ತಕ್ಷಣ ಎಲ್ಲ ಬಿಚ್ಚಿ, ಬೆನ್ನ ಮೇಲೆ ಒಂದೊಂದಕ್ಕೆ ಒಂದೊಂದು ಜಾಗದಲ್ಲಿ ಕೂದಲು ಕತ್ತರಿಸಿ ಗುರುತು ಮಾಡಿದೆ. ಬೆಳಿಗ್ಗೆ, ಸಂಜೆ ತೂಕ ಪುಸ್ತಕಕ್ಕೆ. ದಿನಕ್ಕೆ ಹುಟ್ಟಿದ ತೂಕದ ನೂರಕ್ಕೆ ಐದರಿಂದ ಹತ್ತರಷ್ಟು ಏರಬೇಕು. ಏರದೆ ನಿಂತರೆ ಮರಿ ಎಷ್ಟೇ ಚುರುಕಾಗಿ ಕಂಡರೂ ನಾನು ನಂಬುವುದಿಲ್ಲ.

ಎಲ್ಲಕ್ಕಿಂತ ಚಿಕ್ಕದು ಹುಟ್ಟಿದಾಗ 240 ಗ್ರಾಂ ಇತ್ತು. ಉಳಿದವು 350ರ ಮೇಲೆ. ಮೂರನೇ ರಾತ್ರಿ ಎರಡು ಗಂಟೆಯ ಹಾಲಿಗೆ ಎತ್ತಿದರೆ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಒಸಡು ಬಿಳಚಿತ್ತು, ಬಾಯೊಳಗೆ ಬೆರಳಿಟ್ಟರೆ ತಣ್ಣಗೆ. ಮೈ ಬಿಸಿ 33. ಹಿಂದಿನ ನಾನಾಗಿದ್ದರೆ ಗಾಬರಿಯಲ್ಲಿ ಹಾಲು ಹಿಂಡುತ್ತಿದ್ದೆ. ಈ ಸಲ ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಕೂತೆ. ಒಸಡಿಗೆ ಗ್ಲೂಕೋಸ್ ನೀರು ಒಂದೊಂದೇ ಹನಿ ಸವರಿದೆ. ಬೇಗ ಬಿಸಿ ಮಾಡಬಾರದು, ನಿಧಾನವೇ ಸರಿ. ಸುಮಾರು ಎರಡು ಗಂಟೆ ಹಿಡಿಯಿತು. ಮೂಗಿನಿಂದ ನನ್ನ ಎದೆಯನ್ನು ತಿವಿದು ಮೊಲೆ ಹುಡುಕಲು ಶುರು ಮಾಡಿದಾಗ ನೋಡಿದೆ, 36 ದಾಟಿತ್ತು. ಆಗ 5 ಎಂ.ಎಲ್. ಹಾಲು, ಎರಡು ಗಂಟೆ ಬಿಟ್ಟು ಇನ್ನಷ್ಟು. ಬೆಳಿಗ್ಗೆ ತೂಕ ಅಷ್ಟೇ ಇತ್ತು, ಇಳಿದಿರಲಿಲ್ಲ. ಮರುದಿನದಿಂದ ಏರಿತು.

ಅಳತೆ ಹೇಳುವುದಾದರೆ, ಒಂದು ಸಲಕ್ಕೆ 100 ಗ್ರಾಂ ತೂಕಕ್ಕೆ 4 ಎಂ.ಎಲ್. ಮೀರಿಸಲಿಲ್ಲ. ಮೊದಲ ವಾರ ಹಗಲೂ ರಾತ್ರಿ ಎರಡು ಎರಡೂವರೆ ಗಂಟೆಗೊಮ್ಮೆ. ಪ್ರತಿ ಸಲ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗ ಒರೆಸಿ ಉಚ್ಚೆ, ಕಕ್ಕ ಮಾಡಿಸಬೇಕು, ತಾಯಿ ಇದ್ದರೆ ನೆಕ್ಕಿ ಮಾಡಿಸುವ ಕೆಲಸ ಇದು. ನಿಪ್ಪಲ್ ಹೀರದ ಮರಿಯನ್ನು ಹೀರುವಂತೆ ಮಾಡುವ ಒಂದು ಕೈಚಳಕ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಓದಿಕೊಂಡು ಮಾಡಿದರೆ ಅಪಾಯ, ಪಕ್ಕದಲ್ಲಿ ಕೂತು ನೋಡಿಯೇ ಕಲಿಯಬೇಕು.

ನಡುವೆ ಕೆಲವು ಪ್ರಯೋಗ ಮಾಡಿದೆ. ಟಿಕ್ ಟಿಕ್ ಅನ್ನುವ ಗಡಿಯಾರವನ್ನು ಟವೆಲ್‌ನಲ್ಲಿ ಸುತ್ತಿಟ್ಟರೆ ತಾಯಿಯ ಎದೆಬಡಿತ ಅಂದುಕೊಂಡು ಮಲಗುತ್ತವೆ ಅಂತಾರೆ. ಮೂರು ರಾತ್ರಿ ಇಟ್ಟು, ಮೂರು ರಾತ್ರಿ ತೆಗೆದು ನೋಡಿದೆ. ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಡಬ್ಬದ ಪಕ್ಕ ಒದ್ದೆ ಬಟ್ಟೆ ತೂಗುಹಾಕಿದ್ದು ಮಾತ್ರ ಕೆಲಸಕ್ಕೆ ಬಂತು. ಗಾಳಿಯ ತೇವ ನೂರಕ್ಕೆ 55–60ರಲ್ಲಿ ನಿಂತಿತು, ಹಿಂದಿನಂತೆ ಹೊಟ್ಟೆಯ ಚರ್ಮ ಒಣಗಿ ಸಿಪ್ಪೆ ಏಳಲಿಲ್ಲ. ತಾಯಿಯ ಮೈಗೆ ಉಜ್ಜಿದ ಬಟ್ಟೆಯನ್ನು ಬಾಟಲಿಗೆ ಸುತ್ತಿದರೆ ಮರಿಗಳು ಬೇಗ ಬಾಯಿ ಹಾಕಿದವು. ಇದನ್ನು ಮುಂದೆಯೂ ಮಾಡುತ್ತೇನೆ.

ಒಂಬತ್ತನೇ ದಿನಕ್ಕೆ ಆರು ಮರಿ ಹುಟ್ಟಿದ ತೂಕದ ಎರಡರಷ್ಟಾದವು. ಚಿಕ್ಕದಕ್ಕೆ ಹನ್ನೆರಡು ದಿನ ಬೇಕಾಯಿತು. ಅಷ್ಟರಲ್ಲಿ ತಾಯಿಯ ಜ್ವರ ಬಿಟ್ಟಿತ್ತು. ಹಾಲು ಬರದಿದ್ದರೂ ಡಬ್ಬದ ಹತ್ತಿರ ಬಂದು ಒಂದೊಂದನ್ನೇ ನೆಕ್ಕಲು ಶುರು ಮಾಡಿತು. ಅವತ್ತಿನಿಂದ ಹತ್ತಿಯ ಕೆಲಸ ನನಗೆ ತಪ್ಪಿತು. ಎರಡು ವಾರ ತುಂಬಿದಾಗ ಡಾಕ್ಟರ ಹತ್ತಿರ ತೂಕದ ಪುಸ್ತಕ ಒಯ್ದು ಜಂತುಹುಳದ ಔಷಧಿಯ ಅಳತೆ ಬರೆಸಿಕೊಂಡೆ. ಅವರು ಹಾಳೆ ತಿರುವಿ ತಿರುವಿ ನೋಡಿ, ಆ ಮೂರನೇ ರಾತ್ರಿಯ 33ರ ಮೇಲೆ ಬೆರಳಿಟ್ಟು, "ಇದೂ ಉಳಿದಿದೆಯಾ?" ಅಂತ ಕೇಳಿದರು. ಬುಟ್ಟಿಯಿಂದ ಎತ್ತಿ ಅವರ ಕೈಗೇ ಕೊಟ್ಟೆ.