ಟಾರ್ಚ್ ಆರಿಸಿ ಹತ್ತು ನಿಮಿಷ

ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದ ಮೊದಲ ವರ್ಷ ಎಲ್ಲರ ಹಾಗೆ ನಾವೂ ಕತ್ತಲಲ್ಲಿ ಬೆಳಗುವ ಹುಳಗಳನ್ನು ನೋಡಲು ವೈಟೊಮೊ ಗುಹೆಗೆ ಹೋಗಿದ್ದೆವು. ಟಿಕೆಟ್, ಗೈಡ್, ಕತ್ತಲಲ್ಲಿ ಸದ್ದಿಲ್ಲದೆ ಸಾಗುವ ದೋಣಿ. 1889ರಿಂದಲೂ ಅಲ್ಲಿಗೆ ಪ್ರವಾಸಿಗರು ಬರುತ್ತಿದ್ದಾರೆ. ಚೆನ್ನಾಗೇ ಇತ್ತು. ಆದರೆ ಕತ್ತೆತ್ತಿ ನೋಡುವಷ್ಟರಲ್ಲಿ ದೋಣಿ ಹೊರಗೆ ಬಂದುಬಿಟ್ಟಿತ್ತು. ಫೋಟೋ ತೆಗೆಯಲೂ ಬಿಡುವುದಿಲ್ಲ.

ಹಾಗಾಗಿ ಮುಂದಿನ ಸಲ ಉತ್ತರಕ್ಕೆ ಎರಡು ಗಂಟೆ ಕಾರು ಓಡಿಸಿ ಅದೇ ಹುಳಗಳಿರುವ ವೈಪು ಗುಹೆಗೆ ಹೋದೆವು. ಅಲ್ಲಿ ಟಿಕೆಟೂ ಇಲ್ಲ, ಗೈಡೂ ಇಲ್ಲ. ನಮ್ಮ ಜವಾಬ್ದಾರಿ ನಮ್ಮದು.

ನಾನು ಹೋಗಿದ್ದು ಹವಾಯಿ ಚಪ್ಪಲಿಯಲ್ಲಿ. ಒಳಗೆ ತೊರೆ ಹರಿಯುತ್ತದೆ, ಅಂಚಿನ ಜೇಡಿಮಣ್ಣು ಬೆಣ್ಣೆ ಸವರಿದ ಹಾಗೆ ಜಾರುತ್ತದೆ. ಎಡಗಾಲಿನ ಚಪ್ಪಲಿ ಕೆಸರಲ್ಲಿ ಹೂತಿತು, ತೆಗೆಯಲು ಬಗ್ಗಿದರೆ ಕೈಲಿದ್ದ ಟಾರ್ಚ್ ನೀರುಪಾಲು. ಹೆಂಡತಿಯ ತಲೆಯ ಮೇಲೊಂದು ಹೆಡ್‌ಲ್ಯಾಂಪ್ ಇತ್ತು, ಬಚಾವಾದೆವು. ಈಗ ತಲಾ ಎರಡು ದೀಪ, ಹಳೇ ಶೂ. ಮಳೆ ಬರುವ ಲಕ್ಷಣ ಇದ್ದರೆ ಹೋಗುವುದೇ ಇಲ್ಲ, ತೊರೆ ಏರಿಬಿಡುತ್ತದೆ.

ಸ್ವಲ್ಪ ಒಳಗೆ ಹೋಗಿ ದೀಪ ಆರಿಸಿದೆವು. ಅಲ್ಲೊಂದು ಇಲ್ಲೊಂದು ಚುಕ್ಕಿ. "ಇಷ್ಟೇನಾ?" ಅಂದಳು. "ಸುಮ್ನೆ ನಿಂತಿರು" ಅಂದೆ. ಕಣ್ಣು ಕತ್ತಲಿಗೆ ಒಗ್ಗಲು ಹತ್ತು ನಿಮಿಷವಾದರೂ ಬೇಕು. ಆಮೇಲೆ ನೋಡಿದರೆ ಚಾವಣಿ ತುಂಬ ನೀಲಿ-ಹಸಿರು ಚುಕ್ಕಿ! ನಮ್ಮೂರಿನ ಮಿಣುಕುಹುಳದ ಹಾಗೆ ಹತ್ತಿ ಆರುವುದಿಲ್ಲ, ಒಂದೇ ಸಮ ಬೆಳಗುತ್ತವೆ.

ನಿಜ ಹೇಳಬೇಕೆಂದರೆ ಇದು ಮಿಣುಕುಹುಳದ ಜಾತಿಯೇ ಅಲ್ಲ. ಸೊಳ್ಳೆಯ ದೂರದ ನೆಂಟ ಎನ್ನಬಹುದಾದ ಒಂದು ಪುಟ್ಟ ನೊಣದ ಮರಿಹುಳ, ಹೆಸರು ಅರಾಕ್ನೊಕಾಂಪ ಲ್ಯುಮಿನೋಸ. ಇಲ್ಲಿನ ಮೂಲನಿವಾಸಿ ಮಾವೊರಿಗಳು ಟಿಟಿವಾಯ್ ಎನ್ನುತ್ತಾರೆ. ಗೋಡೆಯ ಮೇಲೆ ಕೈಗೆಟಕುವಂತೆ ಒಂದಿತ್ತು. ದೀಪವನ್ನು ಓರೆಯಾಗಿ ಹಿಡಿದು ಒಂದು ಕ್ಷಣ ನೋಡಿದೆ. ಹುಳದ ಕೆಳಗೆ ಸಾಲಾಗಿ ರೇಷ್ಮೆ ಎಳೆಗಳು, ಎಳೆಯುದ್ದಕ್ಕೂ ಪೋಣಿಸಿದ ಹಾಗೆ ಹನಿಗಳು. ಅಷ್ಟೂ ಅಂಟು. ಬೆಳಕಿಗೆ ಬಂದ ಸಣ್ಣಪುಟ್ಟ ಹುಳ ಸಿಕ್ಕಿಬಿದ್ದರೆ, ಬಾವಿಯಿಂದ ಕೊಡ ಸೇದುವ ಹಾಗೆ ಎಳೆಯನ್ನು ಮೇಲಕ್ಕೆ ಎಳೆದುಕೊಂಡು ತಿನ್ನುತ್ತದೆ. ಹಸಿವು ಜಾಸ್ತಿಯಾದರೆ ಬೆಳಕೂ ಜಾಸ್ತಿ. ತಿನ್ನುವುದೆಲ್ಲ ಮರಿಹುಳವಾಗಿರುವ ತಿಂಗಳುಗಳಲ್ಲೇ ಮುಗಿಯಬೇಕು. ರೆಕ್ಕೆ ಬಂದ ನೊಣಕ್ಕೆ ತಿನ್ನಲು ಬಾಯೇ ಇರುವುದಿಲ್ಲ, ಕೆಲವೇ ದಿನದ ಬದುಕು. ಎಳೆ ಮುಟ್ಟಬಾರದು, ದೀಪ ಬಹಳ ಹೊತ್ತು ಬಿಡಬಾರದು. ಹುಳಗಳು ಮಂಕಾಗಿಬಿಡುತ್ತವೆ.

ಟ್ರೈಪಾಡ್ ಇಟ್ಟು 30 ಸೆಕೆಂಡಿನ ಫೋಟೋ ತೆಗೆದೆ. ನಾಲ್ಕರಲ್ಲಿ ಒಂದು ಪರವಾಗಿಲ್ಲ.

ವಾಪಸ್ ಬರುವಾಗ ಚಪ್ಪಲಿ ಅದೇ ಕೆಸರಲ್ಲಿ ಸಿಕ್ಕಿತು, ಪಟ್ಟಿ ಕಿತ್ತುಹೋಗಿತ್ತು. ಆಕ್ಲೆಂಡಿನವರೆಗೂ ಬರಿಗಾಲಲ್ಲೇ ಕಾರು ಓಡಿಸಿದೆ.