ಉಪ್ಪುನೀರಿನ ಒಂದು ಹನಿ

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮುಗಿಸಿ ಕಿರುಪರೀಕ್ಷೆ ಕೊಟ್ಟಿದ್ದೆ. ಕೋಶಪೊರೆಯ ಕೆಲಸವೇನು ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ಒಂದೇ ವಾಕ್ಯ ಬರೆದಿದ್ದರು: ‘ಕೋಶಪೊರೆಯು ಆಯ್ದ ವಸ್ತುಗಳನ್ನು ಮಾತ್ರ ಒಳಗೆ ಮತ್ತು ಹೊರಗೆ ಬಿಡುತ್ತದೆ.’ ಪೂರ್ತಿ ಅಂಕ ಕೊಟ್ಟೆ. ಮರುದಿನ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ತೋರಿಸಿ, ಆ ಪೊರೆ ಎಲ್ಲಿದೆ ಎಂದು ಕೇಳಿದೆ. ಎಲ್ಲರೂ ಹೊರಗಿನ ಗಟ್ಟಿ ಗೋಡೆಯನ್ನೇ, ಅಂದರೆ ಕೋಶಭಿತ್ತಿಯನ್ನೇ ಹೇಳಿದರು. ಮಕ್ಕಳ ತಪ್ಪಲ್ಲ. ನೀರುಂಡ ಸಸ್ಯಕೋಶದಲ್ಲಿ ಪೊರೆ ಭಿತ್ತಿಗೆ ಒತ್ತಿಕೊಂಡೇ ಇರುತ್ತದೆ. ನಮ್ಮ ಶಾಲೆಯ ಉಪಕರಣದಲ್ಲಿ ಅವೆರಡನ್ನೂ ಬೇರೆಬೇರೆಯಾಗಿ ಕಾಣಲಾಗದು. ಕಾಣದೇ ಇದ್ದದ್ದನ್ನು ನಾನು ಬಾಯಿಪಾಠ ಮಾಡಿಸಿದ್ದೆ.

ನಾನಿರುವುದು ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಇರುವ ಸೂಕ್ಷ್ಮದರ್ಶಕ ಎರಡು, 100 ಪಟ್ಟು ಮತ್ತು 450 ಪಟ್ಟು ದೊಡ್ಡದು ಮಾಡಿ ತೋರಿಸುವಂಥವು. ಆ ವರ್ಷದಿಂದ ಒಂದು ನಿಯಮ ಇಟ್ಟುಕೊಂಡೆ: ಮೊದಲು ನೋಡುವುದು, ಚಿತ್ರ ಬರೆಯುವುದು, ಆಮೇಲೆ ಹೆಸರು.

ಈರುಳ್ಳಿಯಿಂದಲೇ ಶುರು. ಎಸಳಿನ ಒಳಮೈಯ ತೆಳು ಪದರವನ್ನು ಚಿಮಟದಲ್ಲಿ ಎಳೆದು, ಗಾಜಿನ ಪಟ್ಟಿಯ ಮೇಲಿನ ನೀರಹನಿಯಲ್ಲಿ ಹರವಿ, ಅಯೋಡಿನ್ ಹಾಕಿ ಮುಚ್ಚುವುದು. ಮೊದಲ ವರ್ಷ ಅರ್ಧ ತರಗತಿ ಕಪ್ಪು ಅಂಚಿನ ದುಂಡು ದುಂಡು ಆಕಾರಗಳನ್ನು ಬರೆದು ‘ಜೀವಕೋಶ’ ಎಂದು ಗುರುತು ಹಾಕಿತ್ತು. ಅವು ಗಾಳಿಗುಳ್ಳೆಗಳು. ಈಗ ಮೇಲಿನ ಗಾಜನ್ನು ಒಂದು ಅಂಚು ಊರಿ, ಸೂಜಿಯ ಆಸರೆಯಲ್ಲಿ ನಿಧಾನಕ್ಕೆ ಇಳಿಸುವುದನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸುತ್ತೇನೆ. ಸರಿಯಾಗಿ ಕೂತರೆ ಇಟ್ಟಿಗೆ ಗೋಡೆಯಂಥ ಸಾಲು, ಪ್ರತಿ ಇಟ್ಟಿಗೆಯೊಳಗೆ ಹಳದಿ ಮಿಶ್ರಿತ ಕಂದು ಚುಕ್ಕೆ. ಅದು ಕೋಶಕೇಂದ್ರ. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳಲ್ಲಿ ಕಂಡು ಹೆಸರಿಟ್ಟದ್ದು ಇಂಥದೇ ಚುಕ್ಕೆಗೆ. ಅದು ಬಹುತೇಕ ಕೋಶಗಳಲ್ಲಿ ನಡುವೆ ಇರದೆ ಅಂಚಿಗೆ ಸರಿದಿರುತ್ತದೆ. ನಡುವಿನ ಜಾಗವನ್ನೆಲ್ಲ ರಸದಾನಿ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲ, ಹಿಡಿದಿರುವುದೇ ಕಾರಣ. ಇದನ್ನು ನಾನು ಹೇಳುವುದಿಲ್ಲ. ‘ಚುಕ್ಕೆ ಮೂಲೆಗೆ ಯಾಕೆ ಹೋಯ್ತು ಟೀಚರ್?’ ಎಂದು ಯಾರಾದರೂ ಕೇಳುವವರೆಗೆ ಕಾಯುತ್ತೇನೆ.

ಪ್ರತಿ ವರ್ಷ ಬರುವ ಇನ್ನೊಂದು ಪ್ರಶ್ನೆ: ಈರುಳ್ಳಿ ಗಿಡವೇ ಅಲ್ವಾ, ಹಸಿರು ಎಲ್ಲಿ? ಸಸ್ಯಕೋಶ ಎಂದರೆ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣ ಇರಲೇಬೇಕು ಎಂಬ ಭಾವನೆಯನ್ನು ಪಠ್ಯದ ಚಿತ್ರವೇ ಹುಟ್ಟಿಸಿರುತ್ತದೆ. ಗಡ್ಡೆ ಬೆಳಕಿಗೆ ಮುಖ ಮಾಡುವುದಿಲ್ಲ, ಅದರ ಕೆಲಸ ಕೂಡಿಡುವುದು. ಬೆಳಕು ಹಿಡಿದು ಆಹಾರ ಮಾಡುವ ಕೋಶ ನೋಡಬೇಕೆಂದರೆ ಕೆರೆಯ ಹೈಡ್ರಿಲ್ಲಾ ತರಬೇಕು. ಅದರ ಎಲೆ ಎರಡೇ ಕೋಶಗಳಷ್ಟು ದಪ್ಪ, ಕತ್ತರಿಸದೆ ಇಡಿಯಾಗಿ ಇಡಬಹುದು. ಸ್ವಲ್ಪ ಹೊತ್ತು ಬೆಳಕಿನಲ್ಲಿಟ್ಟರೆ ಎಲೆಯ ನಡುನರದ ಹತ್ತಿರದ ಕೋಶಗಳಲ್ಲಿ ಹಸಿರು ಕಣಗಳು ಅಂಚಿನುದ್ದಕ್ಕೂ ಮೆಲ್ಲಗೆ ಸುತ್ತತೊಡಗುತ್ತವೆ. ಕೋಶರಸ ಹರಿಯುತ್ತಿದೆ, ಕಣಗಳು ಅದರೊಂದಿಗೆ ಸಾಗುತ್ತಿವೆ. ನಾನು ಅದನ್ನು ಮೊದಲ ಸಲ ಕಂಡದ್ದು ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಮೇಲೆ. ಈಗಲೂ ಪ್ರತಿ ಸಲ ಎದೆ ತುಂಬುತ್ತದೆ.

ಪ್ರಾಣಿಕೋಶಕ್ಕೆ ಕೆನ್ನೆಯ ಒಳಭಾಗ ಸಾಕು. ಬಾಯಿ ಮುಕ್ಕಳಿಸಿ, ಒಬ್ಬೊಬ್ಬರಿಗೂ ಹೊಸ ಹಲ್ಲುಕಡ್ಡಿ, ಮೆಥಿಲೀನ್ ಬ್ಲೂ. ಅಂಕುಡೊಂಕು ಅಂಚಿನ, ಕೆಲವೆಡೆ ಮಡಚಿಕೊಂಡ ಕೋಶಗಳು. ನಡುವೆ ನೀಲಿ ಕೇಂದ್ರ. ಭಿತ್ತಿ ಇಲ್ಲದಿರುವುದು ಎಂದರೇನು ಎಂದು ಆ ಮಡಿಕೆಗಳೇ ತೋರಿಸುತ್ತವೆ.

ಇನ್ನು ಪೊರೆಯ ವಿಚಾರ. ಶಾಲೆಯ ಅಂಗಳದಲ್ಲಿ ರಿಯೋ ಗಿಡದ ಸಾಲಿದೆ. ಎಲೆಯ ಮೇಲ್ಮೈ ಹಸಿರು, ಅಡಿಮೈ ನೇರಳೆ. ಅಡಿಮೈಯ ಸಿಪ್ಪೆಯನ್ನು ಸುಲಿದಿಟ್ಟರೆ ಬಣ್ಣ ಹಾಕುವ ಅಗತ್ಯವೇ ಇಲ್ಲ. ನೇರಳೆ ಬಣ್ಣ ರಸದಾನಿಯೊಳಗೇ ಇದೆ. ಅಲ್ಲಲ್ಲಿ ಪತ್ರರಂಧ್ರಗಳ ಕಾವಲುಕೋಶಗಳು ಮಾತ್ರ ಹಸಿರಾಗಿ ಕಾಣುತ್ತವೆ. ಅರ್ಧ ಲೋಟ ನೀರಿಗೆ ಎರಡು ಚಮಚ ಉಪ್ಪು ಕರಗಿಸಿ, ಗಾಜಿನ ಒಂದು ಅಂಚಿಗೆ ಒಂದು ಹನಿ ಬಿಟ್ಟು, ಎದುರಂಚಿನಿಂದ ಸೋಸುಕಾಗದದಲ್ಲಿ ನೀರು ಹೀರಿಸಿಕೊಳ್ಳುತ್ತೇವೆ. ಎರಡು ಮೂರು ನಿಮಿಷದಲ್ಲಿ ನೇರಳೆ ಬಣ್ಣ ಮೂಲೆಗಳಿಂದ ಬಿಟ್ಟುಕೊಂಡು ಒಳಕ್ಕೆ ಸರಿಯುತ್ತದೆ, ಸರಿದಂತೆ ಗಾಢವಾಗುತ್ತದೆ. ಗೋಡೆ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಆ ಖಾಲಿ ಜಾಗದಲ್ಲಿ ಏನಿದೆ ಎಂದು ಕೇಳುತ್ತೇನೆ. ಗಾಳಿ ಎನ್ನುತ್ತಾರೆ. ಅಲ್ಲ, ನಾವು ಹಾಕಿದ ಉಪ್ಪುನೀರೇ. ಭಿತ್ತಿ ಅದನ್ನು ತಡೆಯಲಿಲ್ಲ. ತಡೆದದ್ದು ಒಳಗಿನ ಪೊರೆ. ನೀರನ್ನು ಹೊರಗೆ ಹೋಗಲು ಬಿಟ್ಟಿತು, ಬಣ್ಣವನ್ನು ಬಿಡಲಿಲ್ಲ. ಉತ್ತರಪತ್ರಿಕೆಯ ಆ ವಾಕ್ಯ ಕಣ್ಣೆದುರೇ ನಡೆದಿತ್ತು. ಬೇಗನೆ ಸಿಹಿನೀರು ಹಾಯಿಸಿದರೆ ರಸದಾನಿ ಮತ್ತೆ ಉಬ್ಬಿ, ಕೋಶ ಮೊದಲಿನಂತಾಗುತ್ತದೆ. ಅದೇ ಸಿಪ್ಪೆಯನ್ನು ಬಿಸಿನೀರಿಗೆ ಹಾಕಿದರೆ ಪೊರೆ ಕೆಟ್ಟು ನೇರಳೆಯೆಲ್ಲ ಸೋರುತ್ತದೆ, ಬೀಟ್‌ರೂಟ್ ಬೇಯಿಸಿದ ನೀರು ಕೆಂಪಾಗುವ ಹಾಗೆ. ಭಿತ್ತಿ ಇಲ್ಲದ ರಕ್ತಕಣಕ್ಕೆ ಬರೀ ನೀರು ತಾಗಿದರೆ ಉಬ್ಬಿ ಒಡೆದೇ ಹೋಗುತ್ತದೆ. ಡ್ರಿಪ್ ಬಾಟಲಿಯ ಸಲೈನ್‌ನಲ್ಲಿ 0.9% ಉಪ್ಪು ಇರುವುದು ಅದಕ್ಕೆ.

ಒಂದು ಸಲ ಇದನ್ನು ಮಾಡಿಸಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣು ತೆಗೆಯದೆಯೇ ಹೇಳಿದಳು: ‘ಟೀಚರ್, ನಮ್ಮನೆ ಭರಣೀಲಿ ಮಿಡಿ ಚಿರುಟೋದು ಹಿಂಗೇ ಅಲ್ವಾ?’ ಹೌದಲ್ಲ! ಅಪ್ಪೆಮಿಡಿಗೆ ಕಲ್ಲುಪ್ಪು ಸೇರಿಸಿಟ್ಟರೆ ಕೆಲವೇ ದಿನದಲ್ಲಿ ಮಿಡಿ ಸುಕ್ಕಾಗಿ, ಭರಣಿಯಲ್ಲಿ ನೀರು ನಿಲ್ಲುತ್ತದೆ. ಒಂದು ಹನಿಯೂ ನಾವು ಹಾಕಿದ್ದಲ್ಲ, ಎಲ್ಲ ಕೋಶಗಳಿಂದ ಬಂದದ್ದು. ಇಷ್ಟು ವರ್ಷ ಮಿಡಿ ಹಾಕಿದ್ದೇನೆ, ನನಗೆ ಹೊಳೆದಿರಲಿಲ್ಲ.

ಮೈಟೊಕಾಂಡ್ರಿಯಾ, ರೈಬೋಸೋಮ್, ಗಾಲ್ಗಿ, ಕೋಶದೊಳಗಿನ ಈ ಸಣ್ಣ ಭಾಗಗಳನ್ನು ನಮ್ಮ ಉಪಕರಣದಲ್ಲಿ ತೋರಿಸಲಾರೆ, ಹಾಗೆಂದೇ ಹೇಳುತ್ತೇನೆ. ಅವುಗಳ ಒಳರಚನೆ ತಿಳಿದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಆ ಕೆಲಸಕ್ಕೆ ಪಲಾಡೆ, ಕ್ಲಾಡ್, ಡಿ ಡುವ್ ಮೂವರಿಗೂ 1974ರಲ್ಲಿ ನೊಬೆಲ್ ಬಂತು. ಕಾರ್ಯ ಹೇಳುವ ಬದಲು ಯಾವ ಕೋಶಕ್ಕೆ ಯಾವುದು ಹೆಚ್ಚು ಬೇಕು ಎಂದು ಕೇಳುತ್ತೇನೆ. ಬಿಡುವಿಲ್ಲದೆ ಬಡಿಯುವ ಹೃದಯಕ್ಕೆ? ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ. ಜೀರ್ಣರಸ ತಯಾರಿಸಿ ಕಳಿಸುವ ಮೇದೋಜೀರಕಕ್ಕೆ? ಪ್ರೋಟೀನು ಕಟ್ಟುವ ರೈಬೋಸೋಮ್, ಅದನ್ನು ಕಟ್ಟಿ ರವಾನಿಸುವ ಗಾಲ್ಗಿ.

ಮರುವಾರ ಆ ಹುಡುಗಿ ಡಬ್ಬಿಯಲ್ಲಿ ಉಪ್ಪಿನ ಮಿಡಿ ತಂದಳು. ಬ್ಲೇಡಿನಲ್ಲಿ ತೆಳ್ಳಗೆ ಸೀಳಿ ನೋಡಿದೆವು. ಸಿಹಿನೀರು ಹಾಯಿಸಿ ಕಾದೆವು, ರಿಯೋ ಕೋಶದಂತೆ ಒಂದೂ ಚೇತರಿಸಿಕೊಳ್ಳಲಿಲ್ಲ. ಪೊರೆ ಎಂದೋ ಸತ್ತಿತ್ತು. ಭಿತ್ತಿಗಳು ಮಾತ್ರ ಸಾಲಾಗಿ ನಿಂತಿದ್ದವು. ‘ಹಾಗಾದ್ರೆ ಮಿಡಿ ಕಚ್ಚಿದ್ರೆ ಕರುಂ ಅನ್ನೋದು ಈ ಗೋಡೆನಾ ಟೀಚರ್?’ ಎಂದಳು. ಹೌದು ಎಂದೆ. ಉಪ್ಪು ಕಡಿಮೆಯಾದರೆ ಸೂಕ್ಷ್ಮಜೀವಿಗಳು ಬೆಳೆದು ಭಿತ್ತಿಗಳನ್ನು ಬೆಸೆದ ಪೆಕ್ಟಿನನ್ನು ಕರಗಿಸುತ್ತವೆ, ಮಿಡಿ ಮೆತ್ತಗಾಗುತ್ತದೆ. ಅಮ್ಮನಿಗೆ ಹೇಳಬೇಕು ಎಂದು ಅದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಳು.