ಎಲೆಯ ಸತ್ವ ಎಷ್ಟು? ಅಳೆಯುವುದು ಹೀಗೆ

ಔಷಧಿ ಗಿಡದ ಎಲೆಯಲ್ಲಿ ಫೀನಾಲ್ ಗುಂಪಿನ ಸಂಯುಕ್ತಗಳು (ಗಿಡ ತಾನೇ ತಯಾರಿಸುವ ಒಂದು ಬಗೆಯ ರಾಸಾಯನಿಕಗಳು) ಒಟ್ಟು ಎಷ್ಟಿವೆ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯವೇನೂ ಬೇಕಿಲ್ಲ. ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್, ನಿಖರವಾದ ತಕ್ಕಡಿ ಮತ್ತು ಫೋಲಿನ್-ಸಿಯೊಕಾಲ್ಟೊ ಎಂಬ ಹಳದಿ ದ್ರಾವಣ ಇರುವ ಕಾಲೇಜು ಲ್ಯಾಬ್ ಸಾಕು. ಫೀನಾಲ್ ಜತೆ ಸೇರಿದರೆ ಈ ದ್ರಾವಣ ನೀಲಿಯಾಗುತ್ತದೆ. ನೀಲಿ ಗಾಢವಾದಷ್ಟೂ ಫೀನಾಲ್ ಜಾಸ್ತಿ.

ಆದರೆ ಲೆಕ್ಕ ಕೆಡುವುದು ಎಲೆ ಕೀಳುವಾಗಲೇ. ಚಿಗುರಿಗೂ ಬಲಿತ ಎಲೆಗೂ ಪ್ರಮಾಣ ಬೇರೆ. ಹಾಗಾಗಿ ಹಲವು ಗಿಡಗಳಿಂದ ಒಂದೇ ವಯಸ್ಸಿನ ಎಲೆ ಕಿತ್ತು ಬೆರೆಸಿ. ನೆರಳಲ್ಲಿ ಒಣಗಿಸಿ, ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿಯಿರಿ. ಸ್ವಲ್ಪ ಪುಡಿಯನ್ನು ಬೇರೆಯಾಗಿ 103 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು ತೇವಾಂಶ ತಿಳಿದುಕೊಳ್ಳಿ. ಬೇಸರದ ಕೆಲಸ, ನಿಜ. ಬಿಟ್ಟರೆ ಎರಡು ಎಲೆಗಳ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಈಗ 0.2 ಗ್ರಾಂ ಪುಡಿಗೆ 70 ಡಿಗ್ರಿ ಬಿಸಿಯ 5 ಮಿಲಿ ಮೆಥನಾಲ್ ಹಾಕಿ (ಶೇ 70ರದ್ದು). 10 ನಿಮಿಷ ವಾಟರ್ ಬಾತ್‌ನಲ್ಲಿಟ್ಟು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಪುಡಿ ತಳಕ್ಕಿಳಿದ ಮೇಲೆ ಮೇಲಿನ ತಿಳಿ ತೆಗೆಯಿರಿ. ಉಳಿದ ಚರಟಕ್ಕೆ ಇನ್ನೊಮ್ಮೆ ಹೀಗೇ ಮಾಡಿ, ಎರಡೂ ತಿಳಿಯನ್ನು ಸೇರಿಸಿ 10 ಮಿಲಿಗೆ ಸರಿಮಾಡಿ. ಮೆಥನಾಲ್ ವಿಷ, ಬೆಂಕಿಯೂ ಬೇಗ ಹತ್ತುತ್ತದೆ. ಹೊಗೆ ಹೊರಹೋಗುವ ಕಪಾಟಿನೊಳಗೇ ಈ ಕೆಲಸ ಮಾಡಬೇಕು.

ತಿಳಿಯನ್ನು ನೀರಿನಲ್ಲಿ 20 ಪಟ್ಟು ತೆಳು ಮಾಡಿ. ಅದರ 1 ಮಿಲಿಗೆ ಹತ್ತು ಪಟ್ಟು ತೆಳುವಾದ ಫೋಲಿನ್ ದ್ರಾವಣ 5 ಮಿಲಿ, ಕೆಲವು ನಿಮಿಷ ಬಿಟ್ಟು ಶೇ 7.5ರ ಸೋಡಿಯಂ ಕಾರ್ಬೊನೇಟ್ 4 ಮಿಲಿ ಸೇರಿಸಿ. ಒಂದು ಗಂಟೆ ಬಿಟ್ಟು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 765 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಓದಿ. ಎಲೆಯ ಸಾರದ ಬದಲು ನೀರು ಹಾಕಿದ ಬ್ಲ್ಯಾಂಕ್ ಜತೆಗಿರಲಿ. ಅಳತೆಗೋಲಾಗಿ, ಮಿಲಿಗೆ 10ರಿಂದ 50 ಮೈಕ್ರೊಗ್ರಾಂ ಗ್ಯಾಲಿಕ್ ಆಮ್ಲವಿರುವ (ಇದೂ ಒಂದು ಫೀನಾಲ್) ಐದು ದ್ರಾವಣಗಳನ್ನೂ ಹೀಗೇ ಓದಿ ಗ್ರಾಫ್ ಎಳೆಯಿರಿ. ಎಲೆಯ ಅಂಕಿ ಆ ಗೆರೆಯಾಚೆ ಹೋದರೆ ಊಹಿಸಬೇಡಿ. ಇನ್ನಷ್ಟು ತೆಳು ಮಾಡಿ ಮತ್ತೆ ಓದಿ.

ಗ್ರಾಫ್ ಮಿಲಿಗೆ 30 ಮೈಕ್ರೊಗ್ರಾಂ ತೋರಿಸಿತು ಅಂದುಕೊಳ್ಳಿ. ಅದನ್ನು 20ರಿಂದ, ಮತ್ತೆ 10 ಮಿಲಿಯಿಂದ ಗುಣಿಸಿದರೆ 6 ಮಿಲಿಗ್ರಾಂ. ಅಷ್ಟು ಬಂದದ್ದು 0.2 ಗ್ರಾಂ ಪುಡಿಯಿಂದ, ಅಂದರೆ ಗ್ರಾಂಗೆ 30 ಮಿಲಿಗ್ರಾಂ. ತೇವಾಂಶ ಶೇ 8 ಇದ್ದರೆ ಒಣ ತೂಕದ ಗ್ರಾಂಗೆ ಸುಮಾರು 32.6 ಮಿಲಿಗ್ರಾಂ.

ಗಿಡಮೂಲಿಕೆ ಚಹಾಕ್ಕೆ ಮೆಥನಾಲ್ ಬೇಡ. ಕುಡಿಯುವವರಿಗೆ ಸಿಗುವುದು ನೀರಿಗೆ ಇಳಿದಷ್ಟೇ ಅಲ್ವಾ? 2 ಗ್ರಾಂ ಎಲೆಗೆ 200 ಮಿಲಿ ಕುದಿನೀರು ಹಾಕಿ, ಮುಚ್ಚಿಟ್ಟು, 5 ನಿಮಿಷಕ್ಕೆ ಸೋಸಿ ಅದನ್ನೇ ಅಳೆಯಿರಿ. ಹೊತ್ತು, ಬಿಸಿ, ಎಲೆಯ ತೂಕ ಪ್ರತಿ ಸಲವೂ ಒಂದೇ ಇರಬೇಕು.

ಇನ್ನೊಂದು ಮಾತು: ವಿಟಮಿನ್ ಸಿ ಮತ್ತು ಕೆಲವು ಸಕ್ಕರೆಗಳೂ ಈ ದ್ರಾವಣವನ್ನು ನೀಲಿಯಾಗಿಸುತ್ತವೆ. ಆದ್ದರಿಂದ ಈ ಅಂಕಿ ನೋಡಿ ‘ಔಷಧಿ ಗುಣ ಇಷ್ಟು’ ಎಂದು ಸುಮ್ನೆ ಹೇಳಿಬಿಡಬಾರದು. ನಿರ್ದಿಷ್ಟ ಸಂಯುಕ್ತವೊಂದೇ ಬೇಕಿದ್ದರೆ ದ್ರಾವಣದಲ್ಲಿರುವ ಸಂಯುಕ್ತಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರವೂ ಆ ಸಂಯುಕ್ತದ ಶುದ್ಧ ಮಾದರಿಯೂ ಬೇಕು. ತುಳಸಿ, ಪುದೀನದ ಘಮದ ಎಣ್ಣೆಗಳಾದರೆ ಆವಿಯಾಗಿಸಿ ಬೇರ್ಪಡಿಸುವ ಗ್ಯಾಸ್ ಕ್ರೊಮಟೊಗ್ರಫಿಗೆ ಹೋಗಬೇಕು.